ಪಕ್ಕದ ಮನೆಯಾಕೆ

"ತೆಗಿ! ಆ ಬಟ್ಟೆ ಈಗಲೇ ತೆಗಿ! ಯಾರ ಮಗಳ ತಲೆ ಮೇಲೆ ಏನು ಹೊದಿಸ್ತಿದ್ದೀಯ, ಬುದ್ಧಿ ನೆಟ್ಟಗಿದೆಯಾ ನಿನಗೆ?"

"ನೆಟ್ಟಗೇ ಇದೆ. ನಿನ್ನ ಕಾಲು ನೋಡ್ಕೋ ಬುರುಲ್ಚಾ. ಕೆಸರು ಬೂಟು ಹಾಕ್ಕೊಂಡು ನನ್ನ ಹಾಸಿನ ಮೇಲೆ ನಿಂತಿದ್ದೀಯ."

"ನಿನ್ನ ಹಾಸು ಸುಟ್ಟುಹೋಗ್ಲಿ!"

"ಬೇಸಗೆಯೆಲ್ಲಾ ಕೂತು ಹೊಲಿದಿದ್ದು. ಸುಡೋಕೆ ನೀನ್ಯಾರು? ಆಚೆ ನಿಲ್ಲು, ಚಿತ್ರ ತೆಗೀತಿದ್ದಾರೆ."

ಕಾಲಿಪಕ್ಕ ಹೇಳಿದ್ದು ನಿಜ. ನಾನು ಬೂಟು ಕಳಚದೆ ನುಗ್ಗಿದ್ದೆ. ಹುಟ್ಟಿದಾಗಿನಿಂದ ಯಾರ ಮನೆಗೂ ಹಾಗೆ ಹೋದವಳಲ್ಲ. ಆದರೆ ಅವಳ ಕಿಟಕಿಯಾಚೆ, ಮಣ್ಣಿನ ಗೋಡೆಯ ಮೇಲೆ ಕೂತಿದ್ದ ಅರ್ಧ ಊರಿನ ಜೊತೆ ನಾನೂ ನಿಂತು ನೋಡುತ್ತಿದ್ದೆ. ನನ್ನ ಮಗಳು ಪೆರಿಜಾತ್ ಕಾಲಿಪಕ್ಕನ ಹೊಸ್ತಿಲು ದಾಟಿದಳು. ಮುದುಕಿ ಪೆಟ್ಟಿಗೆ ತೆರೆದು ಮಡಿಕೆ ಮುರಿಯದ ಬಿಳಿ ತಲೆವಸ್ತ್ರ ತೆಗೆದು ಅವಳ ತಲೆಗೆ ಹೊದಿಸಿದಳು. ಪ್ಯಾರಿಸ್ಸಿನಿಂದ ಬಂದ ಫೋಟೋದವನು ಕೈಸನ್ನೆ ಮಾಡಿ, ಬಾಗು, ಇನ್ನೂ ಬಾಗು ಅಂದ. ನನ್ನ ಮಗಳು ಬಾಗಿದಳು.

ನಮ್ಮ ಕಿರ್ಗಿಜ್ ನಾಡಿನ ಅತ್-ಬಾಶಿ ಕಡೆ ಹುಟ್ಟಿದ ಎಳೆ ಮಗುವಿಗೂ ಅದರ ಅರ್ಥ ಗೊತ್ತು. ಮದುವೆಯಾಗದ ಗಂಡಿರುವ ಮನೆಗೆ ಹುಡುಗಿ ಕಾಲಿಟ್ಟಾಗ ಆ ಮನೆಯ ಹಿರಿಯಳು ಬಿಳಿ ವಸ್ತ್ರ ಹೊದಿಸಿ, ಹುಡುಗಿ ತಲೆ ಬಗ್ಗಿಸಿದರೆ ಮುಗಿಯಿತು. ಅವಳು ಆ ಮನೆಯ ಸೊಸೆ. ಬೇಕಾದಷ್ಟು ಹುಡುಗಿಯರು ಆ ಬಟ್ಟೆಯನ್ನು ಕಿತ್ತೆಸೆಯಲು ಹೋರಾಡಿ, ಉಗುರು ಮುರಿದುಕೊಂಡು, ಕೊನೆಗೆ ಅತ್ತು ಅತ್ತು ಸುಮ್ಮನಾದದ್ದನ್ನು ನಾನೇ ನೋಡಿದ್ದೇನೆ. ಕಾಲಿಪಕ್ಕನ ಮಗ ಜೋಲ್ಚುವಿಗೆ ನಲವತ್ತು ಹತ್ತಿರ ಬಂದಿತ್ತು, ಹೆಣ್ಣು ಸಿಕ್ಕಿರಲಿಲ್ಲ. ಫೋಟೋದವರು ಬೆಳಕು ಹಾಯಿಸಲು ಅವನ ಕೈಗೆ ಒಂದು ಬೆಳ್ಳಿ ಹಲಗೆ ಕೊಟ್ಟಿದ್ದರು. ಅವನು ಅದನ್ನು ಹಿಡಿದು ಮೂಲೆಯಲ್ಲಿ ನಿಂತಿದ್ದ, ಬೇಯಿಸಿದ ಬೀಟ್‌ರೂಟಿನಂತೆ ಕೆಂಪಗಾಗಿದ್ದ.

ನಾನು ಬಟ್ಟೆಗೆ ಕೈ ಹಾಕಿದೆ. ಪೆರಿಜಾತ್ ಎರಡೂ ಕೈಯಿಂದ ಅದನ್ನು ತಲೆಗೆ ಒತ್ತಿ ಹಿಡಿದುಕೊಂಡಳು.

"ಅಮ್ಮ, ಬಿಡು. ಇನ್ನೂ ಮುಗಿದಿಲ್ಲ," ಅಂದಳು ತುಟಿ ಅಲ್ಲಾಡಿಸದೆ.

ಗೋಡೆಯ ಮೇಲಿನವರಿಗೆ ಆ ಪಿಸುಮಾತು ಕೇಳಿಸಲಿಲ್ಲ. ಕಂಡದ್ದು ಇಷ್ಟೇ: ಹೆತ್ತವಳು ಬಟ್ಟೆ ಎಳೆಯುತ್ತಿದ್ದಾಳೆ, ಹುಡುಗಿ ಬಿಡುತ್ತಿಲ್ಲ. ಯಾರೋ ಶಿಳ್ಳೆ ಹಾಕಿದರು.

ಪೆರಿಜಾತ್ ನನ್ನ ಒಬ್ಬಳೇ ಮಗಳು. ಅವಳಪ್ಪ ಅವಳು ಚಿಕ್ಕವಳಿದ್ದಾಗಲೇ ಹಿಮಕುಸಿತದಲ್ಲಿ ಹೋದ. ನಾನು ನರಿನ್ ಪೇಟೆಯಲ್ಲಿ ಅಂಗಡಿ ಇಟ್ಟು ಚೀನಾ ಕೋಟುಗಳನ್ನು ಮಾರಿ ಸಾಕಿದೆ. ಹುಡುಗಿ ಬೆಳೆದಳು, ಬೆಳೆಯುತ್ತಲೇ ಹೋದಳು. ಹದಿನೈದಕ್ಕೇ ಊರಿನ ಗಂಡಸರ ತಲೆ ಅವಳ ಕಿವಿಯ ಕೆಳಗೆ. ಕರೆಂಟ್ ಕಂಬ ಅಂದರು, ಒಂಟೆ ಮರಿ ಅಂದರು. ಕೆನ್ನೆಯ ಮೂಳೆ ಎದ್ದು, ಕಣ್ಣು ಅಗಲಗಲ, ಮೈಯಲ್ಲಿ ಹಿಡಿ ಮಾಂಸವಿಲ್ಲ. ಬೆನ್ನು ಬಗ್ಗಿಸಿ ನಡಿ, ಗಂಡು ಸಿಗಬೇಕಲ್ಲ, ಅನ್ನುತ್ತಿದ್ದೆ. ಯಾವ ತಾಯಿ ಅನ್ನುವುದಿಲ್ಲ?

ಬಿಷ್ಕೆಕ್‌ನಲ್ಲಿ ನರ್ಸ್ ಓದುತ್ತಿದ್ದಾಗ ಬಸ್ಸಿಗೆ ಕಾಯುತ್ತಿದ್ದವಳನ್ನು ಕಮಿಲಾ ಅನ್ನುವವಳು ನೋಡಿದಳು. ಈ ಕಮಿಲಾ ಮಾಡೆಲ್‌ಗಳನ್ನು ಹುಡುಕಿ ಕಳಿಸುವವಳು. ಕಿರ್ಗಿಜ್ ಹೆಣ್ಣೇ, ಆದರೆ ಪಟ್ಟಣದವಳು, ಮನೆಯಲ್ಲೂ ರಷ್ಯನ್ನೇ. ಮೊದಲು ಅಲ್ಮಾಟಿ, ಆಮೇಲೆ ಮಿಲಾನ್, ಆಮೇಲೆ ಪ್ಯಾರಿಸ್. ಎರಡನೇ ವರ್ಷಕ್ಕೆ ದೊಡ್ಡ ಫ್ಯಾಷನ್ ಬಟ್ಟೆ ಕಂಪನಿಯೊಂದರ ಪ್ರದರ್ಶನದಲ್ಲಿ ಎಲ್ಲರಿಗಿಂತ ಕೊನೆಗೆ ನಡೆದು ಬಂದವಳು ನನ್ನ ಮಗಳು. ಅದೇ ದೊಡ್ಡ ಗೌರವವಂತೆ. ನಮ್ಮ ಜನದ ಮುಖ ಅಲ್ಲಿ ಯಾರೂ ನೋಡಿರಲಿಲ್ಲ, ಇವಳೇ ಮೊದಲು ಎಂದು ಪತ್ರಿಕೆಗಳಲ್ಲಿ ಬಂತು. ಕಂಬ ಅಂದ ಬಾಯಿಗಳೇ ಫೋನು ಹಿಡಿದು ಬಂದು, "ನೋಡು ಬುರುಲ್ಚಾ, ನಮ್ಮ ಹುಡುಗಿ," ಅಂದವು. ನಾನು ಅಂಗಡಿಯಲ್ಲಿ ಅವಳ ಚಿತ್ರ ತೂಗುಹಾಕಿದೆ. ಕೋಟು ಕೊಳ್ಳಲು ಬಂದವರಿಗೆಲ್ಲ, ಕೇಳದಿದ್ದರೂ, ಹೇಳಿದೆ.

ಪತ್ರಿಕೆಗೆ ಅವಳು ಏನು ಹೇಳಿದ್ದಳು ಅನ್ನುವುದು ನನಗೆ ತಿಳಿದದ್ದು ಅವಳು ಫೋಟೋದವರ ಜೊತೆ ಊರಿಗೆ ಬಂದ ದಿನ.

ಎರಡು ಜೀಪಿನಲ್ಲಿ ಬಂದರು. ನಾನು ಹಿಟ್ಟಿನ ಬೋರ್ಸೊಕ್ ತುಂಡುಗಳನ್ನು ಕರಿದು, ಕೆನೆ, ಜಾಮು ಇಟ್ಟು, ಹೊಸ ಸೋಫಾದ ಪ್ಲಾಸ್ಟಿಕ್ ತೆಗೆದು ಕಾದಿದ್ದೆ. ಕೂದಲಿಗೆ ಹೊಸದಾಗಿ ಬಣ್ಣ ಹಾಕಿದ್ದೆ, ಕಡು ಕೆಂಪು. ಕಮಿಲಾ ಒಳಗೆ ಬಂದು ಸೋಫಾ ನೋಡಿದಳು, ಗೋಡೆಯುದ್ದಕ್ಕೂ ಪೇರಿಸಿದ್ದ ಕೋಟಿನ ಮೂಟೆ ನೋಡಿದಳು, ನಾನು ನಕ್ಕಾಗ ನನ್ನ ಚಿನ್ನದ ಹಲ್ಲು ನೋಡಿದಳು. ಚಹಾ ಚೆನ್ನಾಗಿದೆ ಅಂದಳು. ಆಮೇಲೆ ಪೆರಿಜಾತಳನ್ನು ಅಂಗಳಕ್ಕೆ ಕರೆದು ಬಹಳ ಹೊತ್ತು ಮಾತಾಡಿದಳು.

ಪೆರಿಜಾತ್ ಒಳಗೆ ಬಂದು ಒಲೆಯ ಹತ್ತಿರ ನಿಂತಳು. ಬೆಂಕಿ ಕೆದಕಿದಳು. ಅಗತ್ಯವೇ ಇರಲಿಲ್ಲ.

"ಅಮ್ಮ, ನಾಳೆ ಚಿತ್ರ ಕಾಲಿಪಾ ಅಜ್ಜಿ ಮನೇಲಿ ತೆಗೀತಾರೆ."

"ಯಾಕೆ? ಇಲ್ಲೇನಾಗಿದೆ?"

"ನಾನು... ನಮ್ಮಮ್ಮ ಉಣ್ಣೆ ಹಾಸು ಹೊಲೀತಾಳೆ, ಕುರಿ ಕಾಯ್ತಾಳೆ, ಬೇಸಗೇಲಿ ಡೇರೆಯಲ್ಲಿ ಇರ್ತೀವಿ ಅಂತ ಹೇಳಿಬಿಟ್ಟಿದ್ದೀನಿ. ಅವರು ಕೇಳಿದ್ದು ಹಾಗೇ ಇತ್ತು. ಹೂಂ ಅಂದೆ. ಅವತ್ತು ಹೂಂ ಅಂದಿದ್ದು ಆಮೇಲೆ ಎಲ್ಲಾ ಕಡೆ ಅಚ್ಚಾಯ್ತು. ಸುಳ್ಳು ಅಂತ ಗೊತ್ತಾದ್ರೆ ಆ ಕಂಪನಿಯವರು ನನ್ನ ಬಿಟ್ಟುಬಿಡ್ತಾರೆ. ಆ ಕಥೆಗೇ ಅವರು ನನ್ನ ತಗೊಂಡಿರೋದು."

"ಅಂದ್ರೆ ಕಾಲಿಪಾ ನಿನ್ನ ತಾಯಿ."

"ಒಂದು ದಿನ, ಅಮ್ಮ. ಫೋಟೋಕ್ಕೆ."

"ನನ್ನನ್ನ ಏನಂತ ಹೇಳಿದೆ? ಈಗ ಚಹಾ ಕೊಟ್ಟವಳು ಯಾರು ಅಂತ ಆ ಫ್ರೆಂಚಿನವನು ಕೇಳಿರಬೇಕಲ್ಲ?"

ಅವಳು ಕಿಟಕಿ ಕಡೆ ನೋಡಿದಳು. "ಪಕ್ಕದ ಮನೆಯಾಕೆ ಅಂದೆ."

ನನಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಹಾರುತ್ತದೆ. ಅವತ್ತು ಹಾರಲಿಲ್ಲ. ಬಾಯಿ ಮುಚ್ಚಿಕೊಂಡೆ. ಹಲ್ಲು ಕಾಣಬಾರದು ಅನ್ನಿಸಿತು. ಆ ಹಲ್ಲು ಹಾಕಿಸಿದಾಗ ಪೇಟೆಯ ಹೆಂಗಸರೆಲ್ಲ ಹೊಟ್ಟೆ ಉರಿದುಕೊಂಡಿದ್ದರು.

"ಹದಿನೆಂಟು ತುಂಬೋವರೆಗೂ ನೀನು ನನಗೆ ಬಗ್ಗಿ ನಡಿ ಅಂದೆ," ಅಂದಳು ಪೆರಿಜಾತ್. "ನಾನೇನಾದ್ರೂ ಅಂದ್ನಾ? ನೀನು ಒಂದು ದಿನ ಬಗ್ಗಕ್ಕಾಗಲ್ವಾ?"

"ಆಗುತ್ತೆ. ಹೋಗು. ತಾಯಿ ಸತ್ತಳು ಅಂತಾನೂ ಬರೆಸು, ಚೆನ್ನಾಗಿರುತ್ತೆ."

ಹಾಗೆ ಅಂದು ಮುಗಿಸಿದ್ದರಿಂದಲೇ ಮಾರನೇ ದಿನ ನಾನು ಗೋಡೆಯಾಚೆ ನಿಂತಿದ್ದು. ಕಾಲಿಪಕ್ಕನನ್ನು ಬೆಳಿಗ್ಗೆಯಿಂದ ಹಾಸಿನ ಮೇಲೆ ಕೂರಿಸಿದರು, ಸೂಜಿ ಹಿಡಿಸಿದರು, ನನ್ನ ಮಗಳ ತಲೆಯನ್ನು ಅವಳ ತೊಡೆಯ ಮೇಲೆ ಇಡಿಸಿದರು. ಪಕ್ಕದಲ್ಲಿದ್ದ ಹೆಂಗಸು, "ನಿನ್ನ ಮಗಳಿಗೆ ತಾಯಿ ಪಾತ್ರಕ್ಕೂ ನೀನು ಪಾಸಾಗಲಿಲ್ವಾ?" ಎಂದು ಕಿಸಕ್ಕನೆ ನಕ್ಕಳು. ಹಾಳು ಬಾಯಿ. ಆಮೇಲೆ ಫೋಟೋದವನಿಗೆ ಇನ್ನೇನೋ ಬೇಕಾಯಿತು. ಮಗಳು ದೂರದಿಂದ ಮನೆಗೆ ಬಂದಾಗ ತಾಯಿ ಮಾಡುವಂಥದ್ದು, ನಿಮ್ಮದೇ ಆದದ್ದು, ನಟನೆ ಅಲ್ಲದ್ದು ಏನಾದರೂ ಮಾಡು ಎಂದು ಕಮಿಲಾಳ ಬಾಯಲ್ಲಿ ಹೇಳಿಸಿದ. ಪೆರಿಜಾತ್ ಹೊರಗೆ ಹೋಗಿ ಮತ್ತೆ ಒಳಬಂದಾಗ ಕಾಲಿಪಕ್ಕ ಎದ್ದು ಪೆಟ್ಟಿಗೆಯ ಹತ್ತಿರ ಹೋದಳು.

ಈಗ ನಾನು ಅವಳೆದುರು ಬೂಟು ಕಾಲಲ್ಲಿ ನಿಂತಿದ್ದೆ.

"ಕಾಲಿಪಕ್ಕ, ನೀನು ಚಿತ್ರಕ್ಕೆ ಹೊದಿಸಿದ್ದು ತಾನೇ? ಹಾಗಂತ ಆ ಗೋಡೆ ಮೇಲಿರೋರಿಗೆ ಹೇಳು."

"ನಟನೆ ಬೇಡ ಅಂದ್ರು. ನಾನು ನಟನೆ ಮಾಡ್ಲಿಲ್ಲ," ಅಂದಳು ಅವಳು. "ಆ ಬಟ್ಟೆ ಹನ್ನೆರಡು ವರ್ಷದಿಂದ ಪೆಟ್ಟಿಗೇಲಿತ್ತು. ಹುಡುಗಿ ತಾನಾಗಿ ಒಳಗೆ ಬಂದ್ಲು. ತಲೆ ಬಗ್ಗಿಸಿದ್ಲು. ನೀನು ಎಳೆದ್ರೂ ಬಿಡ್ಲಿಲ್ಲ. ಊರು ನೋಡಿದೆ."

"ಅಜ್ಜಿ, ಬಾಗು ಅಂತ ಅವನು ಹೇಳಿದ," ಅಂದಳು ಪೆರಿಜಾತ್. ಈಗ ಅವಳ ಮುಖ ಬಿಳುಚಿಕೊಂಡಿತ್ತು.

"ಅವನು ಫ್ರೆಂಚಿನವನು. ಅವನಿಗೆ ಗೊತ್ತಿಲ್ಲ. ನಿನಗೆ ಗೊತ್ತಿಲ್ವಾ ಮಗಳೇ? ನೀನು ಈ ಊರಲ್ಲಿ ಹುಟ್ಟಿದವಳಲ್ವಾ?"

ಜೋಲ್ಚು ಮೂಲೆಯಿಂದ, "ಅವ್ವಾ, ಬಿಟ್ಟುಬಿಡು. ನನಗೆ ನಾಚಿಕೆಯಾಗ್ತಿದೆ," ಅಂದ.

"ನೀನು ನಾಚಿಕೊಂಡು ನಾಚಿಕೊಂಡೇ ಮುದುಕ ಆಗ್ತಿರೋದು. ಹಲಗೆ ಹಿಡ್ಕೊಂಡು ನಿಲ್ಲು."

ಗೋಡೆಯ ಮೇಲೆ ದೊಡ್ಡ ನಗು. ಪೆರಿಜಾತ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಕಾಲಿಪಕ್ಕ ಅವಳಿಗಿಂತ ಮುಂಚೆ ಹೋಗಿ ಮೊಣಕಾಲೂರಿ, ಒಂದು ಕೈ ನೆಲಕ್ಕೆ ಕೊಟ್ಟು, ನಿಧಾನವಾಗಿ ಹೊಸ್ತಿಲ ಮೇಲೆ ಅಡ್ಡ ಮಲಗಿಬಿಟ್ಟಳು. ನಗು ನಿಂತುಹೋಯಿತು.

ಮಲಗಿದ ಮುದುಕಿಯನ್ನು ದಾಟಿ ಹೋದ ಹುಡುಗಿಗೆ ಒಳ್ಳೆಯದಾಗುವುದಿಲ್ಲ. ಹಾಗಂತ ನಮ್ಮ ಅಜ್ಜಿಯರು ನಂಬಿದ್ದರು, ನಾವೂ ನಂಬುತ್ತೇವೆ, ನಂಬದವರೂ ದಾಟುವುದಿಲ್ಲ. ಒಂದೇ ದಾರಿ ಇದೆ. ಹುಡುಗಿಯ ತಾಯಿ ಬಂದು ಅವಳ ಕೈ ಹಿಡಿದು, ನನ್ನ ಮಗಳನ್ನು ಕೊಡುವುದಿಲ್ಲ ಅಂದರೆ ಮುದುಕಿ ಏಳಲೇಬೇಕು. ಎಷ್ಟೋ ತಾಯಂದಿರು ಮಾನಕ್ಕೆ ಹೆದರಿ ಬರುವುದಿಲ್ಲ. ನಾನು ಬಂದಿದ್ದೆ.

"ಏಳು," ಅಂದೆ. "ನನ್ನ ಮಗಳನ್ನ ಕೊಡಲ್ಲ."

ಕಾಲಿಪಕ್ಕ ಮಲಗಿದಲ್ಲಿಂದಲೇ ನನ್ನನ್ನು ನೋಡಿದಳು. "ಏಳ್ತೀನಿ. ಆದ್ರೆ ಬೆಳಿಗ್ಗೆಯಿಂದ ಇವಳ ತಾಯಿ ಅಂತ ನನ್ನ ಕೂರಿಸಿದ್ದಾರೆ. ನೀನು ತಾಯಿ ಆದ್ರೆ ಅವಳು ಆ ದೊರೆಗಳಿಗೆ ಹೇಳ್ಲಿ. ಒಂದು ಮಾತು. ಆಮೇಲೆ ನಾನು ಎದ್ದು ನಿಮ್ಮಿಬ್ಬರ ಕಾಲಿಗೆ ಬೇಕಾದ್ರೂ ಬೀಳ್ತೀನಿ."

ಕಮಿಲಾ ಇಷ್ಟು ಹೊತ್ತೂ ಅವರ ಮುಖ ಇವರ ಮುಖ ನೋಡುತ್ತಿದ್ದಳು. ನಮ್ಮ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಫೋಟೋದವನು ಕ್ಯಾಮೆರಾ ಇಳಿಸಿ ಅವಳನ್ನು ಏನೋ ಕೇಳಿದ. ಅವಳು ಪೆರಿಜಾತ್ ಕಡೆ ತಿರುಗಿ ರಷ್ಯನ್‌ನಲ್ಲಿ ಕೇಳಿದಳು: "ಪೆರಿ, ಏನಾಗ್ತಿದೆ? ನಿಜವಾಗಿ ಯಾರು ಈ ಹೆಂಗಸು?"

ನಾನು ಕೈ ಚಾಚಿದೆ.

ಸ್ಕೂಲಿನಲ್ಲಿ ನಾವೆಲ್ಲರೂ ರಷ್ಯನ್ ಕಲಿತವರೇ. ಗೋಡೆಯ ಮೇಲಿನವರು ಉಸಿರು ಹಿಡಿದು ಕಿವಿಕೊಟ್ಟದ್ದು ನನಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಪೆರಿಜಾತ್ ನನ್ನ ಕೈ ನೋಡಿದಳು. ಕೋಟಿನ ಮೂಟೆ ಬಿಗಿದು ಬಿಗಿದು ಬೆರಳು ಒಡೆದಿದ್ದವು, ಆದರೂ ಉಗುರಿಗೆ ಬಣ್ಣ ಹಾಕಿದ್ದೆ, ಅವಳು ಬರುತ್ತಾಳೆಂದು. ಆಮೇಲೆ ಅವಳು ಕ್ಯಾಮೆರಾ ನೋಡಿದಳು. ಆಮೇಲೆ ನನ್ನ ಮುಖ. ಅವಳು ಹೇಳುತ್ತಾಳೆ ಅಂದುಕೊಂಡೆ. ಅವಳ ತುಟಿ ಆ ಶಬ್ದಕ್ಕೆ ತೆರೆದದ್ದನ್ನು ನಾನು ಕಂಡೆ, ಸುಳ್ಳಲ್ಲ.

"ಸೊಸೆದ್ಕಾ," ಅಂದಳು. ಪಕ್ಕದ ಮನೆಯಾಕೆ.

"ಸರಿ, ಹಾಗಾದ್ರೆ ಆಕೆಯನ್ನ ಹೊರಗೆ ಕಳಿಸು," ಅಂದಳು ಕಮಿಲಾ.

ನನ್ನ ಕೈ ಚಾಚಿದಂತೆಯೇ ಇತ್ತು. ಎಲ್ಲಿ ಇಡಬೇಕೋ ತಿಳಿಯದೆ ಕೋಟಿನ ಜೇಬಿಗೆ ಹಾಕಿಕೊಂಡೆ. ಕಾಲಿಪಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಗೆದ್ದವಳ ಮುಖವಾಗಿರಲಿಲ್ಲ ಅದು. "ಬುರುಲ್ಚಾ," ಎಂದು ಮೆಲ್ಲಗೆ ಅಂದಳು, ಅಷ್ಟೇ. ಅವಳು ಬೈದಿದ್ದರೆ ನಾನು ಬೈಯುತ್ತಿದ್ದೆ. ನನಗೆ ಅದೊಂದು ಬರುತ್ತದೆ.

ಪೆರಿಜಾತ್ ಬಿಳಿ ಬಟ್ಟೆಯನ್ನು ತಲೆಯಿಂದ ತೆಗೆದಳು. ಯಾರನ್ನೂ ನೋಡದೆ ಅದನ್ನು ಜೋಲ್ಚುವಿನ ಕೈಯ ಹಲಗೆಯ ಮೇಲೆ ಹಾಕಿದಳು. ಹೊಸ್ತಿಲ ಹತ್ತಿರ ಬಂದು ನಿಂತಳು. ಮುದುಕಿಯ ಉಸಿರಾಟ ನನಗೆ ಕೇಳಿಸುತ್ತಿತ್ತು. ನನ್ನ ಮಗಳು ಬೆನ್ನು ನೆಟ್ಟಗೆ ಮಾಡಿ, ಆ ಉದ್ದ ಕಾಲೆತ್ತಿ, ಕಾಲಿಪಕ್ಕನನ್ನು ದಾಟಿದಳು. ಗೋಡೆಯ ಮೇಲಿಂದ ಹೆಂಗಸರು "ಅಯ್ಯೋ" ಅಂದರು. ಒಬ್ಬ ಮುದುಕ ಟೋಪಿ ಮುಖಕ್ಕೆಳೆದುಕೊಂಡು ಗೋಡೆಯಿಂದಿಳಿದು ಹೋದ, ಇಂಥದ್ದನ್ನು ನೋಡಬಾರದು ಅನ್ನುವಂತೆ.

ಮಗಳೇ ಎಂದು ಕೂಗಲು ಬಾಯಿ ತೆರೆದೆ. ಪಕ್ಕದ ಮನೆಯಾಕೆ ಹಾಗೆ ಕೂಗುವುದು ಹೇಗೆ? ಇಡೀ ಊರು ಈಗಷ್ಟೇ ಕೇಳಿಸಿಕೊಂಡಿದೆ.

ಅಂಗಳದಲ್ಲಿ ಜನ ಅವಳಿಗೆ ದಾರಿ ಬಿಟ್ಟರು, ತಾಗಿದರೆ ಅಂಟುತ್ತದೇನೋ ಅನ್ನುವಷ್ಟು ದೂರ ಸರಿದು. ಅವಳು ಜೀಪು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಕಮಿಲಾ, ಫೋಟೋದವನು, ಪೆಟ್ಟಿಗೆಗಳು ಎಲ್ಲ ಹತ್ತಿದ ಮೇಲೆ ಜೀಪು ಸೇತುವೆಯ ಕಡೆ ತಿರುಗಿತು. ಅವಳ ತಲೆ ಚಾವಣಿಗೆ ತಾಗುವಷ್ಟು ಎತ್ತರದಲ್ಲಿ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. ತಿರುಗಲಿಲ್ಲ. ಆ ದಾರಿಯಲ್ಲಿ ಅವಳು ಮತ್ತೆ ಬಂದಿಲ್ಲ.