ಮೂರನೆಯ ಕಡಿತ

ಸಂಜೆ ಆರೂಕಾಲಿಗೆ ಮೇಸ್ತ್ರಿ ಮೂರನೆಯ ಮಹಡಿಯ ತನ್ನ ಮನೆಯ ಬಾಗಿಲು ತಟ್ಟಿದಾಗ ಅವನ ಕಂಕುಳಲ್ಲಿ ಬೋಲ್ಟು ತುಂಬುವ ಮರದ ಪೆಟ್ಟಿಗೆಯೊಂದಿತ್ತು. ಪೆಟ್ಟಿಗೆಯ ಬಾಯಿಗೆ ತಂತಿಬಲೆ ಬಿಗಿದಿತ್ತು. ಬಲೆಯ ಹಿಂದೆ ಒಂದು ಹಿಡಿಯಷ್ಟು ಬೂದು ರೋಮ, ಎರಡು ಕಣ್ಣು.

"ಪುಟ್ಟೀ! ಬಾ ಇಲ್ಲಿ! ನಿಂಗೇನು ತಂದಿದ್ದೀನಿ ನೋಡು!"

ಆ ಕೂಗಿಗೆ ಎದುರುಮನೆಯ ಬಾಗಿಲೂ ತೆರೆಯಿತು. ಹತ್ತು ವರ್ಷದ ಮಗಳು ಓಡಿಬಂದು ಪೆಟ್ಟಿಗೆಯೊಳಗೆ ಇಣುಕಿದಳು. ಎರಡು ವರ್ಷಗಳಿಂದ ಅವಳು ಕೇಳುತ್ತಿದ್ದುದು ಇದನ್ನೇ, ಒಂದು ಬೆಕ್ಕಿನ ಮರಿಯನ್ನು. ಅವಳು ಏನೋ ಹೇಳಿದಳು.

"ಏನು? ಬಾಯಲ್ಲಿ ಹತ್ತಿ ತುರುಕೊಂಡಿದ್ಯಾ? ಗಟ್ಟಿಯಾಗಿ ಹೇಳು!"

"ಏನಿಲ್ಲ" ಎಂದಳು ಮಗಳು.

ಮೇಸ್ತ್ರಿ ಇಪ್ಪತ್ತೆರಡು ವರ್ಷಗಳಿಂದ ತಗಡು ಒತ್ತುವ ಕಾರ್ಖಾನೆಯಲ್ಲಿದ್ದ. ಅವನ ವಿಭಾಗದಲ್ಲಿ ಒಂಬತ್ತು ಒತ್ತುಯಂತ್ರಗಳು ದಿನವಿಡೀ ಬಡಿಯುತ್ತಿದ್ದವು. ಆ ಬಡಿತದ ಮೇಲೆಯೂ ಅವನ ದನಿ ಕೊನೆಯ ಯಂತ್ರದವರೆಗೆ ತಲುಪುತ್ತಿದ್ದುದರಿಂದ ಕೆಲಸಗಾರರು ಅವನನ್ನು 'ಮೈಕು ಮೇಸ್ತ್ರಿ' ಎನ್ನುತ್ತಿದ್ದರು. ಅವನಿಗೆ ಅದು ಬಿರುದಿನಂತೆ ಇಷ್ಟವಾಗಿತ್ತು. ತಗಡಿಗೆ ಆಕಾರ ಕೊಡುವ ಅಚ್ಚುಗಳನ್ನು ಜೋಡಿಸಿಡುವ ಕಪಾಟಿನ ಹಿಂದೆ ಬೀದಿಬೆಕ್ಕೊಂದು ಮರಿ ಹಾಕಿತ್ತು. ಕಪಾಟು ಸರಿಸಿದ ದಿನ ತಾಯಿ ಮೂರು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಯಿತು. ನಾಲ್ಕನೆಯದಕ್ಕೆ ಮರಳಿ ಬರಲಿಲ್ಲ. ಎರಡು ದಿನ ಕಾದು, ಕೈಗವಸು ತೊಟ್ಟು, ಮೇಸ್ತ್ರಿ ಅದನ್ನು ಹಿಡಿದು ತಂದಿದ್ದ.

ತಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ತಾಯಿಯೊಡನೆ ಗಿಳಿಯಂತೆ ಮಾತಾಡುವ ಮಗಳು, ಅವನು ಮನೆಗೆ ಬರುತ್ತಲೇ ಪುಸ್ತಕ ಮಡಚಿಕೊಂಡು ಒಳಕೋಣೆ ಸೇರುತ್ತಿದ್ದಳು. ಬೆಕ್ಕಿನ ಮರಿಯೊಂದು ನಡುವೆ ಬಂದರೆ ಅವಳು ಮತ್ತೆ ತನ್ನ ಬಳಿ ಕೂರಬಹುದು ಎಂಬ ಆಸೆ ಅವನಲ್ಲಿತ್ತು.

ಮರುದಿನ ಪಶುವೈದ್ಯೆ ಮರಿಗೆ ಲಸಿಕೆ ಹಾಕಿ ಹೇಳಿದಳು: "ಇದು ಮನುಷ್ಯರನ್ನ ಕಂಡಿದ್ದಲ್ಲ. ಒಂದು ಸಣ್ಣ ಕೋಣೆ ಕೊಡಿ. ದಿನಾ ನೆಲದ ಮೇಲೆ ಕೂತು ಊಟ ಇಡಿ. ದಿಟ್ಟಿಸಿ ನೋಡ್ಬೇಡಿ. ಬುಸ್ ಅಂದ್ರೆ ಕೈ ಹಿಂದಕ್ಕೆ ತಗೊಳ್ಳಿ, ಸುಮ್ನಿದ್ರೆ ಮಾತ್ರ ಮುಂದಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ, ದನಿ ಮೆಲ್ಲಗಿರಲಿ."

"ನಾನು ಮೆಲ್ಲಗೇ ಮಾತಾಡೋದು ಡಾಕ್ಟ್ರೇ!"

ಹೊರಗೆ ಸರದಿಗಾಗಿ ಕಾಯುತ್ತಿದ್ದ ಎರಡು ನಾಯಿಗಳು ಒಟ್ಟಿಗೆ ಬೊಗಳಿದವು. ಜೊತೆಗೆ ಬಂದಿದ್ದ ಹೆಂಡತಿ ಮುಖ ತಿರುಗಿಸಿ ನಕ್ಕಳು.

ಬಟ್ಟೆ ಒಗೆಯುವ ಯಂತ್ರವಿದ್ದ ಸಣ್ಣ ಕೋಣೆ ಮರಿಯ ಪಾಲಾಯಿತು. ಮಗಳು ಅದಕ್ಕೆ 'ನಟ್ಟು' ಎಂದು ಹೆಸರಿಟ್ಟಳು. ಕೆಲಸದಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಮೇಸ್ತ್ರಿ ಹೇಳಿದ್ದನ್ನು ಅಕ್ಷರಶಃ ಪಾಲಿಸಿದ. ದಿನವೂ ಆರೂವರೆಗೆ ನೆಲದ ಮೇಲೆ ಕುಳಿತು, ಬೇಯಿಸಿದ ಮೀನಿನ ಚೂರನ್ನು ಬೆರಳತುದಿಯಲ್ಲಿ ಹಿಡಿದು, ಕೈಯನ್ನು ಮುಂದಕ್ಕೆ ಚಾಚುತ್ತಿದ್ದ. ಮರಿ ಯಂತ್ರದ ಹಿಂದಿನ ಮೂಲೆಯಲ್ಲಿ ಬೆನ್ನು ಬಾಗಿಸಿ ಕೂರುತ್ತಿತ್ತು. ಅದು ಸುಮ್ಮನಿದೆ ಎಂದುಕೊಂಡು ಅವನು ಇನ್ನೊಂದು ಗೇಣು ಮುಂದೆ ಹೋಗುತ್ತಿದ್ದ.

ಆರನೆಯ ದಿನ ಮರಿ ಕಚ್ಚಿತು. ಔಷಧದಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಗಾಯವನ್ನು ಸಾಬೂನಿನಿಂದ ತೊಳೆಸಿ, ಅವನನ್ನು ಸೂಜಿ ಚುಚ್ಚಿಸಲು ಎಳೆದೊಯ್ದಳು. ಹನ್ನೊಂದನೆಯ ದಿನ ಮತ್ತೆ ಕಚ್ಚಿತು.

"ಸದ್ದಿಲ್ಲದೆ ಕಚ್ಚೋ ಜಾತಿ ಇದು" ಎಂದ ಮೇಸ್ತ್ರಿ. "ಅಚ್ಚು ಮೂರು ಸಲ ಕೆಟ್ಟ ತುಂಡು ಕೊಟ್ರೆ ಯಂತ್ರದಿಂದ ಇಳಿಸಿಬಿಡ್ತೀವಿ. ಇದಕ್ಕೂ ಅದೇ ಲೆಕ್ಕ. ಇನ್ನೊಂದು ಸಲ ಕಚ್ಚಿದ್ರೆ ಬಂದ ಜಾಗಕ್ಕೇ ವಾಪಸ್ಸು."

"ಅದು ಅಚ್ಚಲ್ಲ ಕಣ್ರೀ, ಜೀವ" ಎಂದಳು ಹೆಂಡತಿ.

"ಪ್ರೀತಿಯಿಂದ ಕೈ ಚಾಚಿದ್ರೆ ಕಚ್ಚೋ ಜೀವ!"

ಮಗಳ ತುಟಿ ಅಲುಗಿತು. ಅವನು "ಏನು?" ಎನ್ನುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಹದಿನೇಳನೆಯ ದಿನ ಮೂರನೆಯ ಕಡಿತವಾಯಿತು. ಹೆಬ್ಬೆರಳಿನ ಬುಡದಿಂದ ರಕ್ತ ಒಸರುತ್ತಿದ್ದಂತೆಯೇ ಮೇಸ್ತ್ರಿ ಬೋಲ್ಟಿನ ಪೆಟ್ಟಿಗೆಯನ್ನು ತಂದು ನೆಲಕ್ಕಿಟ್ಟ. ಮಗಳು ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಅವಳ ಕೆನ್ನೆ ಒದ್ದೆಯಾಗಿತ್ತು, ತುಟಿಗಳು ಚಲಿಸುತ್ತಿದ್ದವು.

"ಏನು? ಗಟ್ಟಿಯಾಗಿ ಹೇಳು ಅಂದ್ನಲ್ಲ!"

"ಅದು ಹೇಳ್ತಾನೇ ಇತ್ತು!" ಮಗಳು ಕಿರುಚಿದಳು. "ಬೇಡ ಬೇಡ ಅಂತ ಅಷ್ಟು ಹೊತ್ತಿಂದ ಹೇಳ್ತಾನೇ ಇತ್ತು! ನೀನೇ ಕೈ ಚಾಚ್ತಾ ಹೋದೆ!"

"ಯಾವಾಗ ಹೇಳ್ತು? ತುಟಿಪಿಟಕ್ ಅನ್ಲಿಲ್ಲ ಅದು!"

ಅಡುಗೆಮನೆಯಿಂದ ಹೆಂಡತಿ ಬಂದಳು. "ರೀ, ಬುಸುಗುಟ್ಟಿದ್ದು ನಂಗೆ ಒಲೆ ಹತ್ರಕ್ಕೆ ಕೇಳಿಸ್ತು. ದಿನಾ ಕೇಳಿಸುತ್ತೆ. ನೀವು ಹಟಕ್ಕೆ ಮಾಡ್ತೀರಿ ಅಂದ್ಕೊಂಡಿದ್ದೆ."

ಮೇಸ್ತ್ರಿ ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಇಬ್ಬರೂ ತಮಾಷೆ ಮಾಡುತ್ತಿರಲಿಲ್ಲ. ಅವನು ನಿಧಾನವಾಗಿ ನೆಲದ ಮೇಲೆ ಕುಳಿತು ಯಂತ್ರದ ಹಿಂದಿನ ಸಂದಿಗೆ ಬಗ್ಗಿದ. ಮರಿಯ ಕಿವಿಗಳು ತಲೆಗಂಟಿದ್ದವು. ಬಾಯಿ ಅಗಲವಾಗಿ ತೆರೆದಿತ್ತು, ಹಲ್ಲುಗಳೆಲ್ಲ ಕಾಣುತ್ತಿದ್ದವು. ಸದ್ದು ಅಡಗಿಸಿದ ಟೀವಿಯ ಚಿತ್ರದಂತೆ ಆ ಬಾಯಿ ಮುಚ್ಚಿತು, ಮತ್ತೆ ತೆರೆಯಿತು.

"ಈಗ?" ಎಂದ ಅವನು.

"ಈಗ ಬುಸ್ ಅಂತಿದೆ" ಎಂದಳು ಮಗಳು.

"ಈಗ?"

"ಈಗ್ಲೂ."

ಅವನು ಇನ್ನಷ್ಟು ಬಗ್ಗಿದ. ಕಿವಿಯನ್ನು ಅಂಗೈಯಿಂದ ಒತ್ತಿ ಬಿಟ್ಟ. ಒತ್ತುಯಂತ್ರಗಳು ನಿಂತ ಮೇಲೂ ತಲೆಯೊಳಗೆ ಉಳಿಯುವ ಆ ಹಳೆಯ ಗುಂಯ್‌ಗಾನದ ಹೊರತು ಬೇರೇನೂ ಅಲ್ಲಿರಲಿಲ್ಲ. ಮರಿ ತನ್ನ ಶಕ್ತಿಯನ್ನೆಲ್ಲ ಬಳಸಿ ಗದರುತ್ತಿತ್ತು. ಎರಡಡಿ ದೂರದಲ್ಲಿದ್ದ ಅವನಿಗೆ ಅದು ತಲುಪುತ್ತಿರಲಿಲ್ಲ.

ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ ಅವನು ಮಗಳತ್ತ ತಿರುಗಿದ. ಮೊದಲ ಬಾರಿಗೆ ಅವನಿಗೆ ತನ್ನ ದನಿಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಪುಟ್ಟೀ, ನೀನೂ ನಂಗೆ ಹೀಗೇ ಏನಾದ್ರೂ ಹೇಳ್ತಿದ್ಯಾ?"

ಮಗಳು ತಲೆತಗ್ಗಿಸಿ ಉತ್ತರಿಸಿದಳು. ಸಾಕಷ್ಟು ಉದ್ದದ ಉತ್ತರ. ಅವಳ ತುಟಿಗಳನ್ನೇ ನೋಡುತ್ತಾ ಮೇಸ್ತ್ರಿ ತಲೆಯಾಡಿಸಿದ. ಅಲ್ಲೊಂದು ಇಲ್ಲೊಂದು ಅಕ್ಷರವಷ್ಟೇ ಅವನಿಗೆ ಸಿಕ್ಕಿತು. ಗಟ್ಟಿಯಾಗಿ ಹೇಳು ಎನ್ನುವ ಧೈರ್ಯ ಅವನಿಗೆ ಬರಲಿಲ್ಲ.

ಆ ವಾರ ಹೆಂಡತಿ ಅವನನ್ನು ಕಿವಿ ಪರೀಕ್ಷೆಗೆ ಕರೆದೊಯ್ದಳು. ಗಾಜಿನ ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತುವಂತೆ ಹೇಳಿದರು. ಮೊದಮೊದಲು ಅವನು ಚುರುಕಾಗಿ ಒತ್ತಿದ. ಆಮೇಲೆ ಬಹಳ ಹೊತ್ತು ಒತ್ತಲಿಲ್ಲ. ಪರೀಕ್ಷೆ ಮುಗಿಯಿತೆಂದು ಅವನು ಎದ್ದು ನಿಂತಾಗ ಗಾಜಿನಾಚೆ ಪರೀಕ್ಷಕಿ, ಇನ್ನೂ ಮುಗಿದಿಲ್ಲ, ಕೂರಿ ಎಂದು ಕೈಸನ್ನೆ ಮಾಡಿದಳು.

ಅವಳು ತೋರಿಸಿದ ಹಾಳೆಯಲ್ಲಿ ಗೆರೆಯೊಂದು ಅರ್ಧದವರೆಗೆ ಸಮನಾಗಿ ಸಾಗಿ, ಅಲ್ಲಿಂದ ಬಂಡೆಯ ಅಂಚಿನಂತೆ ಕೆಳಗೆ ಬಿದ್ದಿತ್ತು.

"ದಪ್ಪ ಸದ್ದು ನಿಮಗೆ ಕೇಳಿಸುತ್ತೆ. ಸಣ್ಣ, ಚೂಪು ಸದ್ದು ಹೋಗಿದೆ. ಬೆಕ್ಕು ಬುಸ್ ಅನ್ನೋದು, ಮಕ್ಕಳ ಪಿಸುಮಾತು, ಅವೆಲ್ಲ ಗೆರೆ ಬಿದ್ದಿರೋ ಈ ಕಡೆಯವು."

"ವಾಪಸ್ ಬರುತ್ತಾ?"

"ಹೋದದ್ದು ಬರಲ್ಲ. ಕಿವಿಗೆ ಹಾಕ್ಕೊಳ್ಳೋ ಯಂತ್ರದಿಂದ ಸ್ವಲ್ಪ ಅನುಕೂಲ ಆಗುತ್ತೆ. ಉಳಿದದ್ದನ್ನ ಉಳಿಸ್ಕೋಬಹುದು. ಕಾರ್ಖಾನೆಯಲ್ಲಿ ಸದ್ದು ತಡೆಯೋ ಕಿವಿಮುಚ್ಚಳ ಕೊಟ್ಟಿಲ್ವಾ?"

ಕೊಟ್ಟಿದ್ದರು. ನಾಲ್ಕು ವರ್ಷಗಳ ಹಿಂದೆ ಬಂದ ನಲವತ್ತು ಕಿವಿಮುಚ್ಚಳಗಳ ರಟ್ಟಿನ ಪೆಟ್ಟಿಗೆ ಉಗ್ರಾಣದ ಮೇಲಿನ ಹಲಗೆಯಲ್ಲಿತ್ತು. 'ಗಂಡಸಾದೋನು ಸದ್ದಿಗೆ ಹೆದರ್ತಾನಾ?' ಎಂದು ಅದನ್ನು ಅಲ್ಲಿಗೇರಿಸಿದವನು ಅವನೇ.

ನಟ್ಟುವನ್ನು ಯಾರೂ ವಾಪಸ್ಸು ಕಳಿಸಲಿಲ್ಲ. ಅದರ ಹೊಣೆಯನ್ನು ಮಗಳು ವಹಿಸಿಕೊಂಡಳು. ಮೇಸ್ತ್ರಿ ಹೊಸ್ತಿಲಾಚೆ ಗೋಡೆಗೊರಗಿ ಕೂರುತ್ತಿದ್ದ. ಐದನೆಯ ವಾರ ಮರಿ ಅವಳ ಅಂಗೈಯಿಂದ ತಿಂದಿತು; ಏಳನೆಯ ವಾರ ಅವಳ ಮಡಿಲಲ್ಲಿ ನಿದ್ದೆಹೋಯಿತು. ಮೇಸ್ತ್ರಿ ಬಾಯಿ ತೆರೆದರೆ ಸಾಕು, ಅದು ಥಟ್ಟನೆ ಯಂತ್ರದ ಹಿಂದೆ ಮಾಯ. ಪಿಸುಗುಟ್ಟಲು ಅವನು ಪ್ರಯತ್ನಿಸಿದ. ತನ್ನ ಪಿಸುಮಾತು ತನಗೇ ಕೇಳಿಸದೆ, ಕೇಳಿಸುವಷ್ಟು ಏರಿಸಿದಾಗ ಅದು ಮತ್ತೆ ಕೂಗಾಗುತ್ತಿತ್ತು. ಕೊನೆಗೆ ದಿನವೂ ಅಲ್ಲಿ ಕೂರುವ ಒಂದು ಗಂಟೆ ಮಾತನ್ನೇ ಬಿಟ್ಟ. ಮರಿ ಅವನ ಕಾಲಿನವರೆಗೆ ಮೂಸುತ್ತಾ ಬಂದ ಸಂಜೆ ಅವನ ಕೈ ತಾನಾಗಿ ಮೇಲೆದ್ದಿತು. ಮಗಳು ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ತಲೆಯಲ್ಲಾಡಿಸಿದಳು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮರಿ ಹೊರಟುಹೋಯಿತು. ಮಗಳು ಮಾತ್ರ ಎದ್ದು ಹೋಗಲಿಲ್ಲ.

ಮರುದಿನ ಬೆಳಗ್ಗೆ, ಯಂತ್ರಗಳು ಶುರುವಾಗುವ ಮುನ್ನ, ಮೇಸ್ತ್ರಿ ಉಗ್ರಾಣದ ಆ ರಟ್ಟಿನ ಪೆಟ್ಟಿಗೆಯನ್ನು ಇಳಿಸಿ ತಂದು ಒಂದು ಕಿವಿಮುಚ್ಚಳವನ್ನು ತಾನೇ ಹಾಕಿಕೊಂಡ.

"ನೋಡ್ರಪ್ಪಾ, ಮೈಕಿಗೆ ಮುಸುಕು ಬಿತ್ತು!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆದರೂ ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡರು. ಮೊದಲನೆಯ ಯಂತ್ರದ ಹಿರಿಯ ಕೆಲಸಗಾರ ಮಾತ್ರ ಕೈಕಟ್ಟಿ ನಿಂತ. ಅವನ ಮಾತು ಕೇಳಲು ಮೇಸ್ತ್ರಿ ತನ್ನ ಕಿವಿಮುಚ್ಚಳ ತೆಗೆದ.

"ಮೇಸ್ತ್ರಿ, ಸದ್ದು ಅಂದ್ರೆ ಯಂತ್ರದ ನಾಡಿ. ಅಚ್ಚು ಬಿರುಕು ಬಿಟ್ಟದ್ದು ನಂಗೆ ಕಣ್ಣಿಗಿಂತ ಮೊದ್ಲು ಕಿವಿಗೆ ಗೊತ್ತಾಗುತ್ತೆ. ಇದನ್ನ ಹಾಕ್ಕೊಂಡು ಹೇಗೆ ಕೆಲಸ ಮಾಡ್ಲಿ? ಮೊನ್ನೆವರ್ಗೂ ನೀವೇ ಹೇಳ್ತಿದ್ರಲ್ಲ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮೇಸ್ತ್ರಿ ತನ್ನ ಕಿವಿಮುಚ್ಚಳ ತೆಗೆದ.

"ಹೇಳಿದ್ದೆ ಅಣ್ಣಾ, ತಪ್ಪು ಹೇಳಿದ್ದೆ. ಒಂದ್ಮಾತು ಕೇಳ್ಲಾ? ನಿಮ್ಮನೇಲಿ ಚಿಕ್ಕ ಮಕ್ಕಳು ಯಾರಿದ್ದಾರೆ?"

"ಮೊಮ್ಮಗಳಿದ್ದಾಳೆ. ನಾಲ್ಕು ವರ್ಷ."

"ನಿನ್ನೆ ನಿಮ್ಮ ಹತ್ರ ಏನು ಹೇಳಿದ್ಲು?"

ಹಿರಿಯ ನಗುತ್ತಲೇ ಬಾಯಿ ತೆರೆದ. ನಗು ಅಲ್ಲಿಯೇ ನಿಂತಿತು. ಅವನು ಯೋಚಿಸಿದ, ನಿನ್ನೆಯದು, ಮೊನ್ನೆಯದು, ಅದಕ್ಕೂ ಹಿಂದಿನದು.

"ಅವಳಿಗೆ ಮಾತು ಕಡಿಮೆ" ಎಂದ ಕೊನೆಗೆ.

ಮೇಸ್ತ್ರಿ ಪೆಟ್ಟಿಗೆಯನ್ನು ಅವನತ್ತ ಸರಿಸಿದ. ಯಂತ್ರ ಶುರುಮಾಡಲು ಇನ್ನೂ ನಾಲ್ಕು ನಿಮಿಷವಿತ್ತು. ಹಿರಿಯ ಕೆಲಸಗಾರ ಪೆಟ್ಟಿಗೆಯೊಳಗೆ ಕೈಹಾಕಿದ.