ಐಸಕ್ಕ ಕಟ್ಟಿದ ಸರದಿ

ಐಸಕ್ಕನ ಮಗಳು ಬಾಗಿಲಿಗೆ ಅಡ್ಡ ನಿಂತು, ಬಂದವರ ಫೋನುಗಳನ್ನು ಒಂದೊಂದಾಗಿ ಆಫ್ ಮಾಡಿಸುತ್ತಿದ್ದಳು. ಚಪ್ಪಲಿ ಬಿಟ್ಟು ತಲೆಯೆತ್ತಿದವರಿಗೆ ಮೊದಲು ಕಾಣುತ್ತಿದ್ದುದು ಅವಳು ಚಾಚಿದ ಕೈ.

"ಸದ್ದು ನಿಲ್ಸಿದ್ರೆ ಸಾಲ್ದಾ ತಂಗೀ?" ಎಂದ ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್ಕು. ಅವನ ದೊಡ್ಡ ಅಂಗೈಯಲ್ಲಿ ಫೋನು ಬೆಂಕಿಪೊಟ್ಟಣದಂತೆ ಕಾಣುತ್ತಿತ್ತು.

"ಸಾಲ್ದಣ್ಣ. ಪೂರ್ತಿ ಆಫ್ ಆಗ್ಬೇಕು."

"ಫ್ಯಾಕ್ಟರಿಯಿಂದ ಏನಾದ್ರೂ ಬಂದ್ರೆ..."

"ಫ್ಯಾಕ್ಟರಿ ಕರೆದಾಗೆಲ್ಲ ನಮ್ಮಮ್ಮ ಉಣ್ಣೋ ಕೈ ಬಿಟ್ಟು ಓಡಿದ್ಲು. ನನ್ನ ಜಡೆ ಅರ್ಧ ಹೆಣೆದು ಓಡಿದ್ಲು. ಇವತ್ತೊಂದಿನ ಅವಳನ್ನ ಅರ್ಧಕ್ಕೆ ಬಿಟ್ಟು ಯಾರೂ ಓಡ್ಬಾರ್ದು. ಇನ್ನೇನೂ ಕೇಳ್ತಿಲ್ಲ ನಾನು."

ಮೆಕ್ಯಾನಿಕ್ಕು ಹಿಂದೆ ನಿಂತಿದ್ದ ವೆಲ್ಡರನ ಮುಖ ನೋಡಿದ. ವೆಲ್ಡರ್ ಎಲೆಕ್ಟ್ರಿಷಿಯನ್ನನ ಮುಖ ನೋಡಿದ. ನನ್ನದು ಆಫಾದರೂ ವೆಲ್ಡರನದು ಇರುತ್ತದೆ ಎಂದುಕೊಂಡ ಮೆಕ್ಯಾನಿಕ್ಕು. ವೆಲ್ಡರ್ ಎಲೆಕ್ಟ್ರಿಷಿಯನ್ನನ್ನು ನಂಬಿದ. ಎಲೆಕ್ಟ್ರಿಷಿಯನ್ನು, ನನಗಿಂತ ಮುಂದೆ ಇಬ್ಬರು ಹಿರಿಯರಿದ್ದಾರಲ್ಲ, ಅವರಿಗೆ ತಿಳಿಯದ್ದೇ ಎಂದುಕೊಂಡ. ಸಾವಿನ ಮನೆಯ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟು ಕೇಳುವುದು ಹೇಗೆ? ಮೂರೂ ಫೋನುಗಳು ಕಪ್ಪಾದವು.

ಫ್ಯಾಕ್ಟರಿಗೆ ಅಂದು ರಜೆ ಕೊಟ್ಟಿದ್ದರು. ಗೇಟಿನಲ್ಲಿ ಕಾವಲುಗಾರನೊಬ್ಬನಿದ್ದ. ಒಳಗೆ, ಮಂಜುಗಡ್ಡೆ ಕರಗದಂತೆ ಯಂತ್ರಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

ಆನ್ ಇದ್ದುದು ಅಮ್ಮನ ಫೋನೊಂದೇ. ದಾರಿ ತಿಳಿಯದ ನೆಂಟರು ಅದಕ್ಕೇ ಫೋನು ಮಾಡುತ್ತಿದ್ದುದರಿಂದ ಮಗಳು ಅದನ್ನು ಹೆಗಲ ಚೀಲದಲ್ಲಿ ಇಟ್ಟುಕೊಂಡಿದ್ದಳು.

ನಡುಮನೆಯಲ್ಲಿ ಐಸಕ್ಕನನ್ನು ಮಲಗಿಸಿದ್ದರು. ನಿನ್ನೆ, ಒಗೆದ ಬಟ್ಟೆ ಮಡಚುತ್ತ ಕೂತಿದ್ದವಳು ಗೋಡೆಗೆ ಒರಗಿದ್ದಳು, ಮತ್ತೆ ಏಳಲಿಲ್ಲ. ಮಗಳು ಒಳಗೆ ಬಂದು ನೋಡಿದರೆ, ಕೋಣೆ ತುಂಬ ತನಗೆ ಪರಿಚಯವಿಲ್ಲದ ಹೆಂಗಸರು. ತಲೆಯ ಬಳಿ ಕೂತ ಎತ್ತರದ ಹೆಂಗಸೊಬ್ಬಳು ಸತ್ತವಳ ಮುಂಗೂದಲನ್ನು ಸ್ವಂತ ಅಕ್ಕನದೆಂಬಂತೆ ತೀಡುತ್ತಿದ್ದಳು.

"ತಾವು ಯಾರಂತ ಗೊತ್ತಾಗ್ಲಿಲ್ಲ," ಎಂದಳು ಮಗಳು.

"ಬಾಗ್ಲಲ್ಲಿ ಒಬ್ಬ ಕುಂಭಕರ್ಣನ ಫೋನು ಆಫ್ ಮಾಡ್ಸಿದ್ಯಲ್ಲ, ಅವನ ಹೆಂಡ್ತಿ ನಾನು. ಇವರು ವೆಲ್ಡರನ ತಾಯಿ. ಅಗೋ, ಮೂಗು ಒರೆಸ್ಕೊಳ್ತಿದ್ದಾಳಲ್ಲ, ಅವಳು ಎಲೆಕ್ಟ್ರಿಷಿಯನ್ನನ ಹೆಂಡ್ತಿ."

"ನಮ್ಮಮ್ಮ ನಿಮಗೆಲ್ಲ ಹೆಂಗೆ ಪರಿಚಯ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೆಲ್ಡರನ ತಾಯಿ ಅಳುವಿನ ನಡುವೆಯೇ ನಕ್ಕುಬಿಟ್ಟಳು. "ಅಯ್ಯೋ ಮಗಾ, ನಿಂಗೆ ಹೇಳೇ ಇಲ್ವಾ ಅವಳು?"

*

ಹಿಂದೆ ಫ್ಯಾಕ್ಟರಿಗೆ ಒಂದು ಡಬ್ಬಿ ತಂದು ಗೋಡೆಗೆ ಹಾಕಿದ್ದರು. ಯಂತ್ರದ ಕೊಳವೆಗಳಲ್ಲಿ ಅಮೋನಿಯ ಗ್ಯಾಸು ಇರುತ್ತದೆ. ಅದು ಎಲ್ಲಾದರೂ ಸೋರಿದರೆ ಡಬ್ಬಿ ತಾನೇ ಫೋನು ಮಾಡಬೇಕು. ಮೊದಲನೆಯವನು ಎತ್ತದಿದ್ದರೆ ಎರಡನೆಯವನಿಗೆ, ಅವನೂ ಎತ್ತದಿದ್ದರೆ ಮೂರನೆಯವನಿಗೆ. ಎತ್ತಿದವನು ಒಂದನೇ ಅಂಕಿ ಒತ್ತಿದರೆ, ಬರುತ್ತೇನೆ ಎಂದು ಒಪ್ಪಿಕೊಂಡ ಹಾಗೆ. ಅಲ್ಲಿಯವರೆಗೆ ಅದು ಸುಮ್ಮನಾಗುವುದಿಲ್ಲ.

ಮೊದಲ ಸಲ ಗ್ಯಾಸು ಸೋರಿದಾಗ ಡಬ್ಬಿ ತನ್ನ ಕೆಲಸ ಮಾಡಿತು. ಮೆಕ್ಯಾನಿಕ್ಕು, ಸಾಲ ಬೇಕೇ ಎಂದು ಕೇಳುವ ಕಂಪನಿಯವರಿರಬೇಕು ಎಂದುಕೊಂಡು ಕಟ್ ಮಾಡಿ ಮಗ್ಗುಲು ಬದಲಿಸಿದ. ವೆಲ್ಡರ್ ಫೋನನ್ನು ಅಂಗಿಯ ಜೇಬಿನಲ್ಲೇ ಬಿಟ್ಟು, ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ್ದ. ಎಲೆಕ್ಟ್ರಿಷಿಯನ್ನು ನಿದ್ದೆಯಿಂದ ಏಳಲೇ ಇಲ್ಲ. ಬೀದಿಯ ಜನ ಮೂಗಿಗೆ ಒದ್ದೆಬಟ್ಟೆ ಹಿಡಿದು, ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದರು. ಅಂದು ಯಾರ ಜೀವವೂ ಹೋಗದಿದ್ದುದು ಗಾಳಿಯ ದಯೆ.

ಅದಾದ ಮೇಲೆ, ಆಗ ಆಪರೇಟರ್ ಆಗಿದ್ದ ಐಸಕ್ಕ ಮ್ಯಾನೇಜರ ಹತ್ತಿರ ಹೋಗಿ, "ಈ ಸರದಿ ಕಟ್ಟೋ ಕೆಲ್ಸ ನಂಗೆ ಕೊಡಿ ಸಾರ್," ಎಂದಳು. "ತಗೊಳಮ್ಮಾ, ಪುಣ್ಯ ಬರ್ಲಿ," ಎಂದರು ಅವರು.

ಅವಳು ಮನೆಮನೆಗೆ ಹೋದಳು. ಹೋಗಿ ಗಂಡಸರನ್ನು ಏನೂ ಕೇಳಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಗಸರ ಜೊತೆ ಮಾತಾಡಿದಳು. ಇವನು ಯಾವ ಮಗ್ಗುಲಿಗೆ ಮಲಗುತ್ತಾನೆ? ಫೋನು ಎಲ್ಲಿ ಬಿದ್ದಿರುತ್ತದೆ? ಮನೆಯಲ್ಲಿ ಯಾರು ಕರೆದರೆ ಏಳುತ್ತಾನೆ? ಆ ಡಬ್ಬಿಯಲ್ಲಿ ಒಬ್ಬೊಬ್ಬರ ನಂಬರಿಗೂ ಬೇರೆ ಬೇರೆ ಮಾತು ತುಂಬಿಸಬಹುದಿತ್ತು. ಅದನ್ನು ಬಿಟ್ಟರೆ ಡಬ್ಬಿಯಲ್ಲಿ ಬೇರೆ ಹೆಚ್ಚುಗಾರಿಕೆಯೇನೂ ಇರಲಿಲ್ಲ. ಐಸಕ್ಕ ಒಬ್ಬೊಬ್ಬಳನ್ನೇ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ ಡಬ್ಬಿಯ ಮುಂದೆ ನಿಲ್ಲಿಸಿದಳು.

ಮೆಕ್ಯಾನಿಕ್ಕಿನ ಹೆಂಡತಿ ಮೊದಲು ಸೆರಗು ಸರಿಮಾಡಿಕೊಂಡು, "ರೀ, ಸ್ವಲ್ಪ ಏಳ್ತೀರಾ, ಗ್ಯಾಸು ಬಂದಿದೆಯಂತೆ," ಎಂದಿದ್ದಳು.

"ಬೀಗರನ್ನ ಊಟಕ್ಕೆ ಏಳ್ಸೋ ಹಾಗೆ ಏಳ್ಸಿದ್ರೆ ಎದ್ದಾನೇನೇ?" ಎಂದಿದ್ದಳು ಐಸಕ್ಕ. "ಸಂಬಳದ ದಿನ ತಡವಾಗಿ ಬಂದಾಗ ಹೆಂಗೆ ಕರೀತೀಯೋ, ಹಂಗೆ ಕರಿ."

ಹಾಗೇ ಕರೆದಳು. ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ ಗುಮಾಸ್ತ ಲೋಟ ಕೆಳಗಿಟ್ಟು ಎದ್ದು ನಿಂತನಂತೆ.

ವೆಲ್ಡರನ ತಾಯಿ ಬೈಯಲಿಲ್ಲ. "ಮಗಾ, ನಂಗೆ ಭಯ ಆಗ್ತಿದೆ ಕಣೋ," ಎಂದಳು. ಐಸಕ್ಕ, ಇದೇ ಇರಲಿ ಅಂದಳು. ಯಾರೂ ಎತ್ತದಿದ್ದಾಗ ಕರೆ ತನಗೆ ಬರಲೆಂದು ಎಲ್ಲರ ಕೊನೆಗೆ ತನ್ನ ನಂಬರು ಹಾಕಿಕೊಂಡಳು. ನಿವೃತ್ತಿಯಾದ ಮೇಲೂ ಅದನ್ನು ತೆಗೆಸಲಿಲ್ಲ.

*

"ಒಂದ್ಸಲ ಏನಾಯ್ತು ಗೊತ್ತಾ?" ಮೆಕ್ಯಾನಿಕ್ಕಿನ ಹೆಂಡತಿ ದನಿ ತಗ್ಗಿಸಿದಳು. "ನಾನು ಅವರ ಪಕ್ಕದಲ್ಲೇ ಮಲಗಿದ್ದೀನಿ. ಫೋನಲ್ಲೂ ನಾನೇ ಬೈತಿದ್ದೀನಿ. ಎದ್ದವರು ಫೋನಿಗೊಂದ್ಸಲ ಕೈ ಮುಗಿದ್ರು, ನಂಗೊಂದ್ಸಲ ಕೈ ಮುಗಿದ್ರು, ಚಡ್ಡಿಲೇ ಓಡಿದ್ರು!"

ನಗು ಕೋಣೆಯಲ್ಲಿ ಸಣ್ಣಗೆ ಹರಡಿ, ಐಸಕ್ಕನ ಮುಖ ನೋಡಿದ ಕೂಡಲೇ ಅಳುವಾಯಿತು.

ಮಗಳು ನಗಲಿಲ್ಲ. "ಊರವರ ಹೊಸ್ತಿಲಲ್ಲೆಲ್ಲ ಕೂತಿದ್ದಾಳೆ," ಎಂದಳು. "ನಮ್ಮನೇಲಿ ನೆಟ್ಟಗೆ ಕೂತಿದ್ದು ನಂಗೆ ನೆನಪೇ ಇಲ್ಲ. ನನ್ನ ಮದುವೇಲೂ ಕೂರ್ಲಿಲ್ಲ."

ವೆಲ್ಡರನ ತಾಯಿ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

*

ಮದುವೆಯ ದಿನ ಇನ್ನೇನು ಫೋಟೊಗೆ ನಿಲ್ಲಬೇಕು ಅನ್ನುವಾಗ ಫೋನು ಬಂದಿತ್ತು. ಅಮ್ಮ ಅದನ್ನು ಕಿವಿಗಿಟ್ಟುಕೊಂಡಳು. ಮುಖ ಒಂದು ಕ್ಷಣ ಎಲ್ಲೋ ದೂರ ಹೋದಂತಾಯಿತು. ಗುಂಡಿ ಒತ್ತಿ, ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಸಿಕ್ಕಿಸಿ ಹೊರಟಳು.

"ಇವತ್ತೂನಾ ಅಮ್ಮ? ಬೇರೆ ಯಾರೂ ಇಲ್ವಾ ಈ ಪ್ರಪಂಚದಲ್ಲಿ?"

"ಎಲ್ಲರೂ ನಿನ್ನ ಮದುವೆ ಊಟಕ್ಕೆ ಕೂತಿದ್ದಾರೆ. ಎಂಜಲು ಕೈಲಿ ಯಾವನು ಫೋನು ಎತ್ತುತ್ತಾನೆ? ಬಂದೇಬಿಟ್ಟೆ."

ತಿರುಗಿ ಬಂದಾಗ ಕಾಲಲ್ಲಿ ರಬ್ಬರ್ ಬೂಟು. ಸೀರೆಯ ತುಂಬ ಅಮೋನಿಯದ ಘಾಟು. ಅವಳು ಹಾದು ಹೋದ ಸಾಲಿನಲ್ಲೆಲ್ಲ ನೆಂಟರ ಕಣ್ಣಲ್ಲಿ ನೀರು. ಹೆಣ್ಣಿನ ಕಡೆಯವರು ಎಷ್ಟು ಮೃದು ಮನಸ್ಸಿನವರು ಎಂದು ಬೀಗರು ಇಂದಿಗೂ ಹೊಗಳುತ್ತಾರೆ. ಅಳಿಯ ಇದನ್ನು ನಗುತ್ತ ಹೇಳುತ್ತಾನೆ. ಅವನು ಹೇಳಿದಾಗಲೆಲ್ಲ ಮಗಳು ಎದ್ದು ಒಳಗೆ ಹೋಗುತ್ತಾಳೆ.

ಬಾಲ್ಯದಲ್ಲಿ ಮನೆಯ ಫೋನನ್ನು ಅವಳು ಮುಟ್ಟುವಂತಿರಲಿಲ್ಲ. ಬಡಿದುಕೊಂಡರೆ ಅಮ್ಮನೇ ಎತ್ತಬೇಕು. ಯಾರದು ಎಂದು ಕೇಳಿದರೆ ಅಮ್ಮ, "ನಂಗೆ ಬೇಕಾದೋರು," ಎಂದು ಬೂಟು ಹುಡುಕುತ್ತಿದ್ದಳು. ತನಗಿಂತ ಬೇಕಾದವರು ಯಾರಿದ್ದಾರೆ ಎಂದು ಆ ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಯೋಚಿಸುತ್ತಿದ್ದಳು.

*

ಹೊತ್ತು ಏರಿತು. ಚಟ್ಟಕ್ಕೆ ಮುಂದೆ ಮೆಕ್ಯಾನಿಕ್ಕು, ವೆಲ್ಡರ್. ಹಿಂದೆ ಎಲೆಕ್ಟ್ರಿಷಿಯನ್ನು, ಅಳಿಯ ಹೆಗಲು ಕೊಟ್ಟರು. ಮಗಳು ಅವರ ಹಿಂದೆ. ಅವಳ ಹಿಂದೆ ಹೆಂಗಸರು. ಸೈಕಲ್ ರಿಪೇರಿಯವನು ಎದ್ದು ನಿಂತ. ಕ್ಷೌರದಂಗಡಿಯವನು ನೊರೆ ಮೆತ್ತಿದ ಗಿರಾಕಿಯ ಜೊತೆಗೇ ಬಾಗಿಲಿಗೆ ಬಂದ. ಯಾರೂ ಎಲ್ಲಿಗೂ ಓಡುತ್ತಿರಲಿಲ್ಲ. ಎಲ್ಲರ ಹೆಜ್ಜೆಯೂ ಅಮ್ಮನಿಗಾಗಿಯೇ ಬೀಳುತ್ತಿತ್ತು. ಇಷ್ಟೇ ಬೇಕಾಗಿತ್ತು ಎಂದು ಮಗಳು ಮನಸ್ಸಿನಲ್ಲೇ ಅಂದುಕೊಂಡಳು.

ಬೀದಿಯ ತಿರುವಿನಲ್ಲಿ ಚೀಲದೊಳಗಿನ ಫೋನು ನಡುಗಿತು. ಯಾರೋ ನೆಂಟರು, ದಾರಿ ತಪ್ಪಿರಬೇಕು. ನಡೆಯುತ್ತಲೇ ಕಿವಿಗಿಟ್ಟುಕೊಂಡಳು.

"ಅಮ್ಮಾ, ವಾಸ್ನೆ ಬರ್ತಿದೆ. ಬೇಗ ಬಾ ಅಮ್ಮಾ. ಬರ್ತೀಯಾ?"

ಚಿಕ್ಕ ಹುಡುಗಿಯ ದನಿ. ಮಾತಿನ ಮಧ್ಯೆ ಹಲ್ಲಿಗೆ ಏನೋ ಕಟಕ್ಕೆಂದ ಸದ್ದು.

ಮಗಳ ಕಾಲುಗಳು ನಿಂತವು. ಆ ಸದ್ದು ಮಂಜುಗಡ್ಡೆಯ ಚೂರಿನದು. ಶಾಲೆ ಬಿಟ್ಟ ಮೇಲೆ ತಾನು ಫ್ಯಾಕ್ಟರಿಗೆ ಹೋಗಿ, ಸ್ಟೂಲಿನ ಮೇಲೆ ಕಾಲಾಡಿಸುತ್ತ, ದವಡೆಯಲ್ಲಿ ಮಂಜುಗಡ್ಡೆ ಇಟ್ಟುಕೊಂಡು ಕೂತಿದ್ದ ಒಂದು ಮಧ್ಯಾಹ್ನ. ಗೋಡೆಯ ಡಬ್ಬಿ ತೋರಿಸಿ ಅಮ್ಮ, "ಹೆದರಿಕೆ ಆದಾಗ ನನ್ನ ಹೆಂಗೆ ಕರೀತೀಯೋ ಹಂಗೆ ಕರಿ ನೋಡೋಣ," ಎಂದಿದ್ದಳು. ಆಟವೆಂದುಕೊಂಡು ಕರೆದಿದ್ದಳು. ಉಗುಳದೆ, ನುಂಗದೆ ಹಾಗೇ ಕರೆದಿದ್ದಳು.

ಊಟದಿಂದ, ಜಡೆಯಿಂದ, ಮದುವೆಯಿಂದ ಅಮ್ಮನನ್ನು ಎಬ್ಬಿಸಿ ಓಡಿಸಿದ ದನಿ ಇದು. ಇಷ್ಟು ವರ್ಷವೂ.

ಸತ್ತವಳ ಮುಂದೆ ಆಗದಿದ್ದ ಹೆದರಿಕೆಯಂಥದ್ದೊಂದು, ಹೆದರಿಕೆಯಲ್ಲದ್ದೊಂದು, ಅವಳ ಬೆನ್ನಿನುದ್ದಕ್ಕೂ ಹರಿಯಿತು. ಅತ್ತ ಆ ಮಗು ಮತ್ತೆ ಕೇಳಿತು. "ಬೇಗ ಬಾ ಅಮ್ಮಾ. ಬರ್ತೀಯಾ?"

ಕರೆ ಕೊನೆಯ ನಂಬರಿನವರೆಗೆ ಬಂದಿದೆ ಎಂದರೆ ಮುಂದಿನವರೆಲ್ಲರೂ ಸುಮ್ಮನಿದ್ದಾರೆ. ಸುಮ್ಮನಿರಿಸಿದವಳು ತಾನೇ. ಮುಂದೆ ಚಟ್ಟ ಅಲುಗದೆ ಸಾಗುತ್ತಿತ್ತು. ಮನೆಗಳ ಆಚೆ ಫ್ಯಾಕ್ಟರಿಯ ತಗಡಿನ ಸೂರು ಕಾಣುತ್ತಿತ್ತು. ಅದರ ಹಿಂಗೋಡೆಗೆ ಅಂಟಿಕೊಂಡೇ ಹೊಲಿಗೆಯ ಶೆಡ್ಡು. ಅಲ್ಲಿ ಇವತ್ತು ರಜೆಯಿಲ್ಲ. ಕಿಟಕಿಗಳಲ್ಲಿ ಬಗ್ಗಿದ ತಲೆಗಳ ಸಾಲು.

ಅವಳು ಒಂದು ಒತ್ತಿದಳು.

"ಅಣ್ಣಾ, ನಿಲ್ಲಿ! ಫ್ಯಾಕ್ಟರಿಲಿ ಗ್ಯಾಸು ಸೋರ್ತಿದೆ. ಓಡಿ!"

ಚಟ್ಟ ನಿಂತಿತು. ಮೆಕ್ಯಾನಿಕ್ಕು ಕತ್ತು ತಿರುಗಿಸಲಾರದೆ ಮುಂದೆ ನೋಡುತ್ತಲೇ ಹೇಳಿದ. "ಕಾವಲುಗಾರ ಇದ್ದಾನೆ ತಂಗೀ..."

"ಅವನಿಗೆ ವಾಲ್ವು ಮುಚ್ಚೋಕೆ ಬರುತ್ತಾ?"

"ಬರಲ್ಲ. ಆದ್ರೆ ಹೆಂಗಮ್ಮಾ? ಹೆಗಲು ಕೊಟ್ಟಿದ್ದೀನಿ. ದಾರಿ ಮಧ್ಯೆ ಇಳ್ಸೋದಾ ಐಸಕ್ಕನ್ನ? ಅರ್ಧಕ್ಕೆ ಬಿಡ್ಬೇಡಿ ಅಂತ ನೀನೇ ಅಂದೆ."

"ನಾನು ಒಂದು ಒತ್ತಾಯ್ತಣ್ಣ." ಅವಳು ಅವನ ಎದುರಿಗೆ ಬಂದಳು. "ಬರ್ತೀನಿ ಅಂದಾಯ್ತು."

ಅಷ್ಟರಲ್ಲಿ ಮೆಕ್ಯಾನಿಕ್ಕಿನ ಹೆಂಡತಿ ಗುಂಪನ್ನು ಸೀಳಿಕೊಂಡು ಬಂದು, ಗಂಡನ ಹೆಗಲ ಪಕ್ಕ ತನ್ನ ಹೆಗಲನ್ನು ತೂರಿಸಿದಳು.

"ಸರೀರಿ ಅತ್ಲಾಗೆ. ಇಳ್ಸೋದು ಯಾಕೆ, ನಾವೇನು ಸತ್ತಿದ್ದೀವಾ? ಫೋನಲ್ಲಿ ಬೈದ್ರೇನೇ ಓಡೋದಾ ನೀವು, ಎದುರಿಗೆ ಬೈದ್ರೆ ಆಗಲ್ವಾ?"

ಮೆಕ್ಯಾನಿಕ್ಕು ಹೆಗಲು ಕಳಚಿದ. ವೆಲ್ಡರನ ಜಾಗಕ್ಕೆ ಅವನ ತಾಯಿ ಹೊಕ್ಕಳು. ಎಲೆಕ್ಟ್ರಿಷಿಯನ್ನನ ಹೆಂಡತಿ ಮೂಗು ಒರೆಸಿಕೊಂಡು ಗಂಡನ ಜಾಗ ಹಿಡಿದಳು. ಮೂವರು ಗಂಡಸರು ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಓಡಿದರು. ಅಳಿಯನ ಭುಜವನ್ನು ಮಗಳು ಮೆಲ್ಲಗೆ ತಟ್ಟಿದಳು.

"ನೀವು ಹೊಲಿಗೆ ಶೆಡ್ಡಿಗೆ ಓಡ್ರೀ. ಎಲ್ಲರನ್ನೂ ಗಾಳಿಗೆ ಎದುರಾಗಿ ಹೊರಗೆ ಕಳ್ಸಿ. ಕೊಡಿ ಇಲ್ಲಿ."

ಮರದ ದಂಡ ಹೆಗಲ ಮೂಳೆಗೆ ಕೂತಿತು. ಅಮ್ಮ ಇಷ್ಟು ಭಾರವೆಂದು ಅವಳಿಗೆ ಗೊತ್ತಿರಲಿಲ್ಲ.

ಎತ್ತರದವಳೊಬ್ಬಳು, ಗಿಡ್ಡನೆಯವಳೊಬ್ಬಳು, ಚಟ್ಟ ವಾರೆಯಾಯಿತು. "ತಲೆ ಕಡೆ ಎತ್ತಿ, ತಲೆ ಕಡೆ," ಎಂದಳು ವೆಲ್ಡರನ ತಾಯಿ. ಯಾರೋ ಟವೆಲು ಮಡಚಿ ಗಿಡ್ಡನೆಯವಳ ಹೆಗಲಿಗೆ ಕೊಟ್ಟರು. ಫ್ಯಾಕ್ಟರಿಯ ಗಾಳಿ ಬೀಸದ ಕಡೆಯ ದೂರದ ದಾರಿ ಹಿಡಿದು ಹೆಂಗಸರು ಸ್ಮಶಾನಕ್ಕೆ ಬಂದರು.

ಗುಂಡಿ ತೋಡಿದವರು ಹಗ್ಗ ಹಿಡಿದು ಕಾಯುತ್ತಿದ್ದರು. "ಇಳ್ಸಿ ತಾಯಿ, ಹೊತ್ತಾಗುತ್ತೆ."

ಮಗಳು ಉತ್ತರ ಕೊಡುವ ಮೊದಲೇ ಫೋನು ಬಂತು. ಮೆಕ್ಯಾನಿಕ್ಕು ಕೆಮ್ಮುತ್ತಲೇ ಮಾತಾಡಿದ. "ವಾಲ್ವು ಮುಚ್ಚಿದ್ವಿ ತಂಗೀ. ಹೊಲಿಗೆ ಹೆಣ್ಮಕ್ಕಳೆಲ್ಲ ಹೊರಗಿದ್ದಾರೆ, ಒಬ್ಬರಿಗೂ ಏನೂ ಆಗಿಲ್ಲ. ನಮಗೆ ಬರೋಕೆ ಇನ್ನೂ ಹೊತ್ತಾಗುತ್ತೆ, ಗ್ಯಾಸು ಇಳಿಯೋವರೆಗೂ ನೀರು ಹೊಡೀಬೇಕು. ನಮಗೋಸ್ಕರ ಕಾಯ್ಬೇಡಿ. ಮುಗಿಸ್ಬಿಡಿ."

"ನೀವು ಕೆಲ್ಸ ಮುಗಿಸ್ಕೊಂಡು ಬನ್ನಿ," ಎಂದಳು ಮಗಳು. "ನೀವು ಬರೋವರೆಗೂ ನಾವು ಇಳ್ಸಲ್ಲ."

ಗುಂಡಿಯವರು ಹಗ್ಗ ಕೆಳಗಿಟ್ಟು ದೂರ ಹೋಗಿ ಕೂತರು. ಬಿಸಿಲಲ್ಲಿ ಚಟ್ಟ ಹೆಗಲ ಮೇಲೇ ಇತ್ತು. ವೆಲ್ಡರನ ತಾಯಿ ಕಾಲು ಬದಲಿಸಿ ನಿಂತಳು. ಅವಳು ಬಾಯಿ ಬಿಡುವ ಮೊದಲೇ ಹಿಂದಿನಿಂದ ಯಾರೋ ಬಂದು ದಂಡದಡಿ ಹೆಗಲಿಟ್ಟರು. ಅವಳು ಹೊರಗೆ ಜಾರಿದಳು. ಎಲೆಕ್ಟ್ರಿಷಿಯನ್ನನ ಹೆಂಡತಿ ಕತ್ತು ಅಲ್ಲಾಡಿಸಿದ ಕೂಡಲೇ ಇನ್ನೊಂದು ಹೆಗಲು ಬಂತು. ಯಾರೂ ಯಾರನ್ನೂ ಕರೆಯಲಿಲ್ಲ. ಹೊರಗೆ ಬಂದವರು ಭುಜ ತಿಕ್ಕಿಕೊಳ್ಳುತ್ತ ಸಾಲಿನ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು, ಮತ್ತೆ ಮುಂದೆ ಬರುತ್ತಿದ್ದರು. ಚಟ್ಟ ಮಾತ್ರ ನಿಂತ ನೀರಿನಂತೆ, ತುಸುವೂ ಅಲುಗದೆ, ಅವರ ಹೆಗಲುಗಳ ಮೇಲೆ ಹಾಗೇ ಇತ್ತು.