ನಿನಗಷ್ಟೇ, ಮುಂದೆ ಹೇಳಬೇಡ

ಗಜೇಂದ್ರಗಡಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಅಂಜುಮಳ ಪುಟ್ಟ ಇಂಟರ್ನೆಟ್ ಆಫೀಸಿನಲ್ಲಿ ಆ ದಿನ ಮುಂಜಾನೆಯಿಂದ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅಂಗಡಿಯವರು ಕಳಿಸಿದ ಸೀರೆಯ ಫೋಟೊ ಹುಬ್ಬಳ್ಳಿಯನ್ನೂ ಮುಟ್ಟುತ್ತಿರಲಿಲ್ಲ.

ತಪ್ಪು ಅಂಜುಮಳದೇ. ಊರಿಗೆ ಎರಡು ಲೈನು. ಗದಗಿನದು ದೊಡ್ಡದು, ಬಾಗಲಕೋಟೆಯದು ಸಣ್ಣದು, ಮೇಲಾಗಿ ತುಟ್ಟಿ. 'ನಮ್ಮೂರಿಗೆ ಬರುವ ದಾರಿ ಇದು' ಎಂದು ಊರಿನ ರೌಟರ್ ಪೆಟ್ಟಿಗೆ ಪಕ್ಕದೂರಿನ ರೌಟರಿಗೆ ಸಾರುವಾಗ, ಆ ಸುದ್ದಿಗೆ ಕಮ್ಯುನಿಟಿ ಎಂಬ ಗುರುತು ಅಂಟಿಸಬಹುದು. ಸಣ್ಣ ಲೈನಿನ ಮೇಲೆ ಹೊರಗಿನ ದಟ್ಟಣೆ ಬೀಳದಿರಲೆಂದು ಅಂಜುಮ 'ನಿನಗಷ್ಟೇ, ಮುಂದೆ ಹೇಳಬೇಡ' ಎಂಬ ಗುರುತು ಹಚ್ಚಿದ್ದಳು. ಆದರೆ ಅವಸರದಲ್ಲಿ ಎರಡೂ ಲೈನಿಗೆ ಹಚ್ಚಿಬಿಟ್ಟಿದ್ದಳು. ಹೊರಗಿನ ಜಗತ್ತಿನ ಪಾಲಿಗೆ ಗಜೇಂದ್ರಗಡವೇ ಇಲ್ಲದಂತಾಗಿತ್ತು.

ಬುತ್ತಿ ತಂದಿದ್ದ ತಾಯಿ ಮದರಬಿ ಇದನ್ನೆಲ್ಲ ಕೇಳಿ ಬೆರಗಾದಳು. "ಹೇಳಬ್ಯಾಡ ಅಂದ್ರ ಖರೇನ ಹೇಳೂದಿಲ್ಲೇನ ಅವು?"

"ಒಂದಕ್ಷರ ಹೇಳೂದಿಲ್ಲಮ್ಮಾ."

"ಹಂಗಾರ ನಮ್ಮ ಬಾಜೂಮನಿ ಕಳಕವ್ವನ ಹಂಗ ಬಿಡು. ನಿನ್ನ ಮದಿವಿ ಗಟ್ಟಿ ಆದದ್ದು ಮುಂಜಾನಿ ಆಕಿಗಷ್ಟ ಹೇಳಿ, ಹೊಟ್ಟ್ಯಾಗ ಇಟ್ಕೊ ಅಂದೀನಿ."

ಅಂಜುಮ ನಗುತ್ತ ಗದಗಿನ ಲೈನಿನ ಗುರುತು ಅಳಿಸಿದಳು. ತುಸು ಹೊತ್ತಿಗೆ ಗದಗಿನಾಚೆಯ ಹುಬ್ಬಳ್ಳಿಯಿಂದ, ಅಲ್ಲಿನ ಇಂಟರ್ನೆಟ್ ಆಫೀಸಿನ ಶರಣು ಫೋನು ಮಾಡಿದ.

"ನಿಮ್ಮೂರ ದಾರಿ ಈಗ ಬಂತ್ರಿ ಮೇಡಂ," ಎಂದವನು ಕಿಸಕ್ಕನೆ ನಕ್ಕ. "ಮದಿವಿ ಸುದ್ದಿ ಮುಂಜಾನಿನ ಬಂದಿತ್ತ ಬಿಡ್ರಿ."